ಮೇಷ್ಟ್ರ ಟ್ರಂಕು ತೆರೆದಾಗ: ಕವಿಯೊಬ್ಬರ ಕಾಗದಗಳನ್ನು ಜೋಡಿಸಿದ ನನ್ನ ಅನುಭವ

ನಮ್ಮ ಮೇಷ್ಟ್ರು ಇದ್ದದ್ದು ತುಮಕೂರಿನ ಚಿಕ್ಕಪೇಟೆಯಲ್ಲಿ. ಹಗಲು ಪಾಠ, ರಾತ್ರಿ ಕವಿತೆ, ಉಳಿದ ಹೊತ್ತೆಲ್ಲ ತಾವೇ ನಡೆಸುತ್ತಿದ್ದ ಸಣ್ಣ ಪತ್ರಿಕೆ. ಕವಿ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, ಧಾರವಾಡದಲ್ಲಿ 1964ರಲ್ಲಿ ಶುರುವಾದ ‘ಸಂಕ್ರಮಣ’ದಂಥ ಸಾಹಿತ್ಯ ಪತ್ರಿಕೆಗಳನ್ನು ಓದಿ ಬೆಳೆದ ತಲೆಮಾರು ಅವರದು. ಪದಗಳನ್ನು ಹಾಳೆಯ ಮೇಲೆ ಎಲ್ಲೆಲ್ಲೋ ನಿಲ್ಲಿಸಿ ಕವಿತೆ ಕಟ್ಟುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಕಾಗದಪತ್ರ ಜೋಡಿಸುವ ಕೆಲಸ ನನಗೆ ಬಂತು. ಇಂಥ ಟ್ರಂಕು ನಿಮ್ಮ ಮನೆಯ ಅಟ್ಟದಲ್ಲೂ ಇರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೇಷ್ಟ್ರ ಮನೆಯ ಅಮ್ಮ ಮೊದಲೇ ಹೇಳಿದ್ದರು: “ಕಟ್ಟು ಬಿಚ್ಚು, ಆದ್ರೆ ಕಲಸುಮೇಲೋಗರ ಮಾಡ್ಬೇಡಪ್ಪ.” ದಾಖಲೆ ಕಾಪಾಡುವವರ ದೊಡ್ಡ ನಿಯಮವೂ ಇದೇ. ಕವಿತೆ ಒಂದು ಕಡೆ, ಪತ್ರ ಒಂದು ಕಡೆ, ಪ್ರೂಫು ಒಂದು ಕಡೆ ಅಂತ ವಿಂಗಡಿಸುವ ಆಸೆ ಯಾರಿಗಾದರೂ ಬರುತ್ತದೆ. ಬೇಡ. ಬಿಚ್ಚುವ ಮುಂಚೆ ಪ್ರತಿ ಕಟ್ಟಿನ ಫೋಟೊ ತೆಗೆದೆ. ಹಾಳೆಗಳ ಹಿಂಬದಿಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಕಟ್ಟಿನ ನಂಬರು, ಹಾಳೆಯ ನಂಬರು ಬರೆದೆ.

ಹಾಳೆಗಳನ್ನು ಮೇಷ್ಟ್ರು ಇಟ್ಟ ಕ್ರಮದಲ್ಲೇ ಉಳಿಸಿದ್ದರ ಬೆಲೆ ಒಂದೇ ಕಟ್ಟಿನಲ್ಲಿ ಗೊತ್ತಾಯಿತು. ಮೇಲೊಂದು ಕವಿತೆಯ ಕೈಬರಹ. ಪದಗಳು ಮೆಟ್ಟಿಲು ಇಳಿದ ಹಾಗೆ ಬಲಕ್ಕೆ ಸರಿಯುತ್ತಾ ಹೋಗುತ್ತವೆ. ಕೆಳಗೆ ಗ್ಯಾಲಿ ಪ್ರೂಫು, ಅಂದರೆ ಪುಟ ಕಟ್ಟುವ ಮುಂಚೆ ತಿದ್ದಲು ತೆಗೆದ ಅಚ್ಚಿನ ಪ್ರತಿ. ಅದರಲ್ಲಿ ಅಚ್ಚುಮೊಳೆ ಜೋಡಿಸುವ ಕಂಪಾಸಿಟರ್ ಸಾಲುಗಳನ್ನೆಲ್ಲ ಎಡಕ್ಕೆ ತಂದು ಕೂರಿಸಿದ್ದಾರೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಒಂದೊಂದು ಪದದ ಮುಂದೆಯೂ ಎಷ್ಟು ಜಾಗ ಬಿಡಬೇಕು ಅಂತ ಗುರುತು ಹಾಕಿದ್ದಾರೆ. ಅಚ್ಚುಮೊಳೆಯ ಕಾಲದಲ್ಲಿ ಖಾಲಿ ಜಾಗ ಸುಮ್ನೆ ಬರುತ್ತಿರಲಿಲ್ಲ, ಅದಕ್ಕೂ ಲೋಹದ ತುಂಡುಗಳನ್ನು ಕೈಯಲ್ಲೇ ಜೋಡಿಸಬೇಕಿತ್ತು. ಆಮೇಲೆ ಪ್ರೆಸ್ಸಿನವರ ಚೀಟಿ: “ಸಾರ್, ಹೀಗೆ ಮಾಡಿದ್ರೆ ಒಂದು ಪುಟ ಜಾಸ್ತಿ ಆಗುತ್ತೆ.” ಅದರ ಬೆನ್ನಿಗೆ ಮೇಷ್ಟ್ರ ಲೆಕ್ಕ, ಕಾಗದಕ್ಕೆ ಎಷ್ಟು, ಅಂಚೆಗೆ ಎಷ್ಟು. ಕೊನೆಯ ಹಾಳೆಯಲ್ಲಿ ತಮ್ಮದೇ ಸಂಪಾದಕೀಯವನ್ನು ಅಡ್ಡಗೀಟು ಎಳೆದು ಹೊಡೆದುಹಾಕಿದ್ದಾರೆ! ಸಂಚಿಕೆ ತೆಗೆದು ನೋಡಿದೆ. ಸಂಪಾದಕೀಯ ಇಲ್ಲ, ಕವಿತೆ ಮಾತ್ರ ಅವರು ಬರೆದ ಹಾಗೇ ಇದೆ. ಕವಿಗೂ ಸಂಪಾದಕರಿಗೂ ಒಂದೇ ಮೇಜಿನ ಮೇಲೆ ನಡೆದ ಈ ಜಗ್ಗಾಟ, ಹಾಳೆಗಳು ಬೇರೆ ಬೇರೆ ಫೈಲಿಗೆ ಹೋಗಿದ್ದರೆ ಕಾಣುತ್ತಲೇ ಇರಲಿಲ್ಲ.

ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬಾರದು. ಪಿನ್ನಿಗೂ ಹಾಳೆಗೂ ನಡುವೆ ತೆಳು ಪ್ಲಾಸ್ಟಿಕ್ ತೂರಿಸಿ ನಿಧಾನವಾಗಿ ಬಿಡಿಸಬೇಕು. ಹರಿದ ಕಡೆ ಸೆಲ್ಲೋಟೇಪ್ ಹಾಕಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನ್ಯೂಸ್‌ಪ್ರಿಂಟಿನಲ್ಲಿ ಆಮ್ಲ ಇರುತ್ತದೆ, ಪಕ್ಕದ ಹಾಳೆಗೂ ಕಂದು ಕಲೆ ಹತ್ತುತ್ತದೆ. ಹಾಗಾಗಿ ಪತ್ರಿಕೆಯ ತುಣುಕು ಇದ್ದಲ್ಲೆಲ್ಲ ಆಮ್ಲವಿಲ್ಲದ ಹಾಳೆ ನಡುವೆ ಇಟ್ಟೆ. ಇನ್‌ಲ್ಯಾಂಡ್ ಪತ್ರದಲ್ಲಿ ತಾರೀಖು ಬರೆಯದಿದ್ದರೂ ಅಂಚೆ ಮುದ್ರೆ ಹೇಳುತ್ತದೆ, ಆದ್ದರಿಂದ ಎರಡೂ ಬದಿ ಸ್ಕ್ಯಾನ್ ಮಾಡಿ. 400 ಡಿಪಿಐ (ಇಂಚಿಗೆ 400 ಚುಕ್ಕಿ), ಟಿಫ್ ಎಂಬ ಬಗೆಯ ಚಿತ್ರದ ಫೈಲು ಸಾಕು.

ಇನ್ನೊಂದು ಮಾತು. ಪತ್ರ ನಮ್ಮ ಟ್ರಂಕಿನಲ್ಲಿದ್ದರೂ ಅದನ್ನು ಪ್ರಕಟಿಸುವ ಹಕ್ಕು ಬರೆದವರದು, ಅವರಿಲ್ಲದಿದ್ದರೆ ವಾರಸುದಾರರದು. ಮೇಷ್ಟ್ರು ಅಚ್ಚು ಹಾಕಿಸಿದ ಕವಿತೆಗಳಿಗೂ ಅವರು ಹೋದ ಮೇಲೆ 60 ವರ್ಷ ಹಕ್ಕು ಇದ್ದೇ ಇರುತ್ತದೆ. ಟ್ರಂಕಿನಲ್ಲಿ ಹುಡುಗರು ಪತ್ರಿಕೆಗೆ ಕಳಿಸಿ, ಅವರು ಬೇಡವೆಂದು ಬಿಟ್ಟ ಕವಿತೆಗಳ ಕಟ್ಟೂ ಇದೆ, ಅಂಚಿನಲ್ಲಿ ಅವರ ಟಿಪ್ಪಣಿಗಳ ಸಮೇತ. ಆ ಹುಡುಗರಲ್ಲಿ ಕೆಲವರು ಈಗ ಅಜ್ಜಂದಿರು. ಅವರು ಒಪ್ಪುವವರೆಗೂ ಆ ಕಟ್ಟನ್ನು ಯಾರಿಗೂ ತೋರಿಸುವುದಿಲ್ಲ. ವಿಳಾಸ ಸಿಕ್ಕವರಿಗೆಲ್ಲ ಅಮ್ಮ ತಾವೇ ಪತ್ರ ಬರೆಯುತ್ತಿದ್ದಾರೆ.