ಎಣ್ಣೆಯಲ್ಲಿ ಬೆಳ್ಳುಳ್ಳಿ: ವಿಷ ಹುಟ್ಟದಂತೆ ಮೊದಲು ಹುಳಿ ಹಿಡಿಸುವ ಕ್ರಮ

ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಕೆಡುವುದಿಲ್ಲವೆಂದು ನಂಬಿ, ಆ ಬಾಟಲಿಯನ್ನು ವಾರಗಟ್ಟಲೆ ಒಲೆಯ ಪಕ್ಕದಲ್ಲೇ ಇಡುವವರಿದ್ದಾರೆ. ಎಣ್ಣೆಯು ಗಾಳಿಯನ್ನು ತಡೆದು ಬೂಷ್ಟು ಬಾರದಂತೆ ನೋಡಿಕೊಳ್ಳುತ್ತದೆ, ನಿಜ. ಆದರೆ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಗಾಳಿಯಿಲ್ಲದ ಜಾಗವೇ. ಮಣ್ಣಿನಿಂದ ಬೆಳ್ಳುಳ್ಳಿಗೆ ಅಂಟಿ ಬರುವ ಅದರ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯದೆ ಉಳಿಯಬಲ್ಲವು. ಹುಳಿಯಿಲ್ಲದ, ಬೆಚ್ಚಗಿನ ಎಣ್ಣೆಯ ತಳದಲ್ಲಿ ಅವು ಮೊಳೆತು, ನರಗಳನ್ನು ನಿಶ್ಚೇಷ್ಟಗೊಳಿಸುವ ವಿಷವನ್ನು ತಯಾರಿಸುತ್ತವೆ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ರೆಸ್ಟೋರೆಂಟಿನಲ್ಲಿ, ಫ್ರಿಜ್‌ನ ಹೊರಗಿಟ್ಟಿದ್ದ ಇಂತಹ ಬೆಳ್ಳುಳ್ಳಿಯಿಂದ 36 ಮಂದಿ ಅಸ್ವಸ್ಥರಾದರು.

ಹುಳಿ, ಉಪ್ಪಿನಂತಹ ಸಂರಕ್ಷಕಗಳು ಈಗಾಗಲೇ ಹುಟ್ಟಿದ ವಿಷವನ್ನು ಅಳಿಸುವುದಿಲ್ಲ, ಹುಟ್ಟದಂತೆ ತಡೆಯುತ್ತವೆ ಅಷ್ಟೇ. ಆದ್ದರಿಂದ ಹುಳಿ ಮೊದಲು, ಎಣ್ಣೆ ಕೊನೆಗೆ ಎಂಬ ಕ್ರಮವನ್ನು ಯಾವ ಕಾರಣಕ್ಕೂ ಬದಲಿಸಬಾರದು. ಹುಳಿಯನ್ನು ಅಳೆಯುವ ಮಾನ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿಳಿದರೆ ಈ ಬೀಜಾಣುಗಳು ಮೊಳೆಯಲಾರವು. ಬೆಳ್ಳುಳ್ಳಿಯ ಸಹಜ ಪಿಎಚ್ ಸುಮಾರು 6 ಇರುವುದರಿಂದ ಹುಳಿಯು ಎಸಳಿನ ಒಳಗಿನವರೆಗೂ ಇಳಿಯಬೇಕು.

ಅದಕ್ಕಾಗಿ ಬೆಳ್ಳುಳ್ಳಿಯನ್ನು ಇಡಿಯಾಗಿ ಬಿಡದೆ, 6 ಮಿಲಿಮೀಟರಿಗಿಂತ ದೊಡ್ಡದಾಗದಂತೆ ಹೆಚ್ಚಿಕೊಳ್ಳಿ. 291 ಗ್ರಾಂ ನೀರಿಗೆ, ಅಂಗಡಿಯಲ್ಲಿ ಪುಡಿಯಾಗಿ ಸಿಗುವ ಸಿಟ್ರಿಕ್ ಆಮ್ಲವನ್ನು 9 ಗ್ರಾಂ ತೂಗಿ ಕರಗಿಸಿದರೆ ಶೇ. 3ರ ದ್ರಾವಣ ಸಿದ್ಧವಾಗುತ್ತದೆ. ಇದು 100 ಗ್ರಾಂ ಬೆಳ್ಳುಳ್ಳಿಗೆ ಸರಿಹೋಗುತ್ತದೆ. ಚೂರುಗಳು ತೇಲಲು ನೋಡುತ್ತವೆ, ತೇಲಿದ ಚೂರಿಗೆ ಹುಳಿ ಹಿಡಿಯುವುದಿಲ್ಲ. ಆದ್ದರಿಂದ ಮೇಲೊಂದು ಸಣ್ಣ ತಟ್ಟೆಯನ್ನು ಒತ್ತಿಟ್ಟು, ಕನಿಷ್ಠ 24 ಗಂಟೆ ನೆನೆಯಲು ಬಿಡಿ. ಬಳಿಕ ಒಂದು ಚೂರನ್ನು ಅರೆದು ಪಿಎಚ್ ಪಟ್ಟಿಯಿಂದ (ಬಣ್ಣ ಬದಲಿಸಿ ಪಿಎಚ್ ತೋರಿಸುವ ಕಾಗದ) ನೋಡಿ, 4.2 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ನೀರು ಬಸಿದು, ಒಂದು ಪಾಲು ಬೆಳ್ಳುಳ್ಳಿಯನ್ನು ಹತ್ತು ಪಾಲು ಎಣ್ಣೆಯಲ್ಲಿ ಹಾಕಿ. ಕಣ್ಣಳತೆಯಲ್ಲಿ ನಿಂಬೆರಸ ಹಿಂಡುವುದು ರುಚಿಗೆ ಸಾಕಾದೀತು, ಸುರಕ್ಷತೆಗೆ ಸಾಲದು.

ಸೋಡಿಯಂ ಬೆಂಜೋಯೇಟ್ ಎಂಬ ಸಂರಕ್ಷಕ ಹಾಕಿದರೆ ಹುಳಿ ಬೇಡವೆಂದು ತಿಳಿಯಬೇಡಿ. ಪಿಎಚ್ 4.2ರಲ್ಲಿ ಅದರ ಅರ್ಧದಷ್ಟು ಬ್ಯಾಕ್ಟೀರಿಯಾದೊಳಗೆ ಹೊಗಬಲ್ಲ ರೂಪದಲ್ಲಿರುತ್ತದೆ, 6ರಲ್ಲಾದರೆ ಶೇ. 2ರಷ್ಟೂ ಇರುವುದಿಲ್ಲ.

ಉಪ್ಪಿನ ಕೆಲಸ ಬೇರೆ. ಪದಾರ್ಥದ ನೀರಿನಂಶದಲ್ಲಿ ಸುಮಾರು ಶೇ. 10ರಷ್ಟು ಉಪ್ಪಿದ್ದರೆ ಬಾಟುಲಿನಂ ಬೆಳೆಯದು, ಆದರೆ ಸ್ಟ್ಯಾಫಿಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಅದಕ್ಕೂ ಹೆಚ್ಚಿನ ಉಪ್ಪನ್ನು ತಾಳಿಕೊಳ್ಳುತ್ತದೆ. ಉಪ್ಪು ಏರಿದಂತೆ ಅದರ ವಿಷೋತ್ಪಾದನೆ ಬೆಳವಣಿಗೆಗಿಂತ ಮೊದಲೇ ಕುಗ್ಗುವುದಾದರೂ, ಒಮ್ಮೆ ಹುಟ್ಟಿದ ವಿಷವು ಕುದಿಸಿದರೂ ಹೋಗುವುದಿಲ್ಲ. ಈ ಬ್ಯಾಕ್ಟೀರಿಯಾ ಬರುವುದು ಹೆಚ್ಚಾಗಿ ನಮ್ಮ ಚರ್ಮದಿಂದಲೇ. ಬೆರಳಲ್ಲಿ ಕೀವಾದ ಗಾಯವಿರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು.

ಹುಳಿ ಹಿಡಿಸದ ಬೆಳ್ಳುಳ್ಳಿ ಎಣ್ಣೆಯನ್ನು ಫ್ರಿಜ್‌ನಲ್ಲೇ ಇಟ್ಟು 4 ದಿನಗಳೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ. ಬಾಟುಲಿನಂ ವಿಷವಿದ್ದರೂ ವಾಸನೆಯಾಗಲಿ ಬಣ್ಣವಾಗಲಿ ಬದಲಾಗದೆ ಇರಬಹುದಾದ್ದರಿಂದ, ಕೆಟ್ಟಿದೆಯೋ ಇಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡಲೇಬೇಡಿ.