ಆನ್‌ಲೈನ್ ವೃತ್ತಿ ತರಬೇತಿ: ನಿಮ್ಮ ಕೋರ್ಸನ್ನು ಒರೆಗೆ ಹಚ್ಚುವುದು ಹೇಗೆ?

ವೆಲ್ಡಿಂಗ್ ಕಲಿಸುವ ಆನ್‌ಲೈನ್ ಕೋರ್ಸ್ ಒಂದಿದೆ ಅಂದುಕೊಳ್ಳಿ. ವಿಡಿಯೊಗಳು ಚೆನ್ನಾಗಿವೆ. ಕ್ವಿಜ್‌ನಲ್ಲಿ ಎಲ್ಲರಿಗೂ 90ರ ಮೇಲೆ ಅಂಕ. ಅದೇ ಹುಡುಗರು ವರ್ಕ್‌ಶಾಪ್‌ಗೆ ಬಂದು ಹೋಲ್ಡರ್ ಹಿಡಿದರೆ, ರಾಡ್ ಹೋಗಿ ಪ್ಲೇಟಿಗೆ ಅಂಟಿಕೊಂಡು ಕೂರುತ್ತದೆ. ಈಗ ಹೇಳಿ, ಕೋರ್ಸ್ ಚೆನ್ನಾಗಿದೆಯಾ?

ಇದನ್ನು ಅಳೆದು, ಬೇರೆಯವರ ಜೊತೆ ಹೋಲಿಸಿ ನೋಡುವುದೇ ಬೆಂಚ್‌ಮಾರ್ಕಿಂಗ್. ಪದ ಬಂದದ್ದು ಸರ್ವೆ ಮಾಡುವವರಿಂದ. ಎತ್ತರ ಅಳೆಯಲು ಕಲ್ಲಿನ ಮೇಲೆ ಕೆತ್ತುತ್ತಿದ್ದ ಗುರುತೇ ಬೆಂಚ್‌ಮಾರ್ಕ್.

ಮೊದಲು, ಏನನ್ನು ಅಳೆಯಬೇಕು ಅಂತ ತೀರ್ಮಾನಿಸಿ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ನಾಲ್ಕು ಮಟ್ಟದಲ್ಲಿ ನೋಡಿ ಎಂದಿದ್ದರು: ಕಲಿತವರಿಗೆ ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಫಲ ಸಿಕ್ಕಿತಾ. ಎಷ್ಟೋ ಕಡೆ ಮೊದಲನೆಯದಕ್ಕೇ ಗಾಡಿ ನಿಲ್ಲುತ್ತದೆ. ಲಾಗಿನ್ ಲೆಕ್ಕ ಸುಲಭವಾಗಿ ಸಿಗುತ್ತದೆ ಅಂತ ಅದನ್ನೇ ಹಿಡಿದುಕೊಳ್ಳಬೇಡಿ. ಮೂರ್ನಾಲ್ಕು ಅಳತೆ ಸಾಕು: ಎಷ್ಟು ಜನ ಮುಗಿಸಿದರು, ಮೊದಲ ಸಲಕ್ಕೇ ಪ್ರಾಕ್ಟಿಕಲ್ ಪಾಸಾದವರೆಷ್ಟು, ಒಪ್ಪಿಸಿದ ಕೆಲಸವನ್ನು ತಿದ್ದಿ ಕೊಡಲು ಎಷ್ಟು ದಿನ ಹಿಡಿಯಿತು, ಮೂರು ತಿಂಗಳ ಮೇಲೆ ಆ ಕೆಲಸ ಮಾಡುತ್ತಿದ್ದಾರಾ.

ಆಮೇಲಿನದೇ ನಿಜವಾದ ತಲೆನೋವು. ಪ್ರತಿ ಅಳತೆಗೂ ಅರ್ಥ ಬರೆದಿಡಬೇಕು. 60 ಜನ ಸೇರಿದರು, 12 ಜನ ಕೋರ್ಸನ್ನು ತೆರೆದೇ ನೋಡಲಿಲ್ಲ, 24 ಜನ ಮುಗಿಸಿದರು. ಸೇರಿದವರ ಲೆಕ್ಕದಲ್ಲಿ ಮುಗಿಸಿದವರು ಶೇ 40. ಶುರು ಮಾಡಿದವರ ಲೆಕ್ಕದಲ್ಲಿ ಶೇ 50. ಎರಡೂ ಸುಳ್ಳಲ್ಲ! ನೀವು ಮೊದಲನೆಯದನ್ನೂ ಇನ್ನೊಂದು ಸಂಸ್ಥೆ ಎರಡನೆಯದನ್ನೂ ಇಟ್ಟುಕೊಂಡರೆ, ಇಲ್ಲದ ಸೋಲಿಗೆ ನೀವು ಸುಮ್ನೆ ಕೊರಗುತ್ತೀರಿ ಅಷ್ಟೆ.

ಕೈಕೆಲಸದ ಪರೀಕ್ಷೆಗೂ ಇದೇ ಮಾತು. ಎರಡೂ ಕಡೆ ಒಂದೇ ದಪ್ಪದ ಪ್ಲೇಟ್, ಒಂದೇ ಜಾಯಿಂಟ್, ಒಂದೇ ಅಂಕಪಟ್ಟಿ ಇರಲಿ. ಪಟ್ಟಿಯಲ್ಲಿ 'ಕೆಲಸ ತೃಪ್ತಿಕರ' ಅಂತಿದ್ದರೆ ಹೊಡೆದುಹಾಕಿ. 'ಬೆಸುಗೆಯ ಅಂಚಿನಲ್ಲಿ ಅಂಡರ್‌ಕಟ್ (ಪ್ಲೇಟ್ ಕರಗಿ ಆದ ತಗ್ಗು) ಇದೆಯಾ, ಮೇಲೆ ಸಣ್ಣ ತೂತು ಬಿದ್ದಿವೆಯಾ' ಅಂತ ಬರೆಯಿರಿ. ಒಂದೇ ತುಂಡನ್ನು ಇಬ್ಬರು ಇನ್‌ಸ್ಟ್ರಕ್ಟರುಗಳಿಗೆ ಬೇರೆ ಬೇರೆಯಾಗಿ ಕೊಟ್ಟು ನೋಡಿ. ಅಂಕ ತೀರಾ ಬೇರೆ ಬಂದರೆ ಮೊದಲು ಪಟ್ಟಿ ರಿಪೇರಿ ಆಗಬೇಕು.

ಯಾರ ಜೊತೆ ಹೋಲಿಸುವುದು? ಅದೇ ಟ್ರೇಡ್, ಅಂದರೆ ಅದೇ ಕಸುಬು ಕಲಿಸುವವರೇ ಆಗಬೇಕಿಲ್ಲ. 1979ರಲ್ಲಿ ಬೆಂಚ್‌ಮಾರ್ಕಿಂಗ್ ಶುರು ಮಾಡಿದ ಜೆರಾಕ್ಸ್ ಕಂಪನಿ, ಗೋದಾಮಿನ ಕೆಲಸ ಸುಧಾರಿಸಲು ಹೋಗಿ ನೋಡಿದ್ದು ಬೂಟು, ಬಟ್ಟೆ ಮಾರುವ ಎಲ್.ಎಲ್. ಬೀನ್ ಅನ್ನು. ಹಾಗೆಯೇ ಬೇಗ ತಿದ್ದಿ ಕೊಡುವುದನ್ನು ವೆಲ್ಡಿಂಗ್ ಕೋರ್ಸಿನವರು ಟೈಲರಿಂಗ್ ಕೋರ್ಸಿನಿಂದ ಕಲಿಯಬಹುದು. ಪ್ರಾಕ್ಟಿಕಲ್ ಫಲಿತಾಂಶಕ್ಕೆ ಮಾತ್ರ ಅದೇ ಟ್ರೇಡ್ ಬೇಕು. ಕಲಿಯುವವರಿಗೆ ಮೊದಲೇ ಎಷ್ಟು ಅನುಭವವಿತ್ತು ಅನ್ನುವುದನ್ನೂ ಕೇಳಿಕೊಳ್ಳಿ. ಒಂದು ಬ್ಯಾಚಿನಲ್ಲಿ ಕೆಲಸದಲ್ಲಿ ಇರುವವರೇ ಜಾಸ್ತಿ ಇದ್ದರೆ, ಹೊಸಬರ ಬ್ಯಾಚಿನ ಜೊತೆ ಅದನ್ನು ತೂಗುವುದು ಸರಿಯಲ್ಲ ಅಲ್ವಾ?

ಅಂತರ ಕಂಡ ಮೇಲೆ ಕಾರಣ ಹುಡುಕಿ. ಅವರು ಎರಡು ದಿನದಲ್ಲಿ ತಿದ್ದಿ ಕೊಡುತ್ತಾರೆ, ನಿಮಗೆ ಒಂಬತ್ತು ದಿನ ಬೇಕು. ಹೋಗಿ ವಿಚಾರಿಸಿದರೆ ಗುಟ್ಟು ಚಿಕ್ಕದೇ ಇರಬಹುದು: ಅಲ್ಲಿ ಕಲಿಯುವವರು ಮಾಡಿದ ಕೆಲಸದ ಫೋಟೊವನ್ನು ಮೊಬೈಲಿನಿಂದ ಅವತ್ತೇ ಕಳಿಸುತ್ತಾರೆ, ಇಲ್ಲಿ ಎಲ್ಲರದ್ದೂ ಸೇರಲಿ ಅಂತ ಕಾಯುತ್ತಾರೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮುಂದಿನ ಬ್ಯಾಚನ್ನು ಅದೇ ಅಳತೆಯಲ್ಲಿ ನೋಡಿ. 15 ಜನರ ಬ್ಯಾಚಾದರೆ ಒಬ್ಬ ಹೆಚ್ಚು ಪಾಸಾದರೂ ಸುಮಾರು ಶೇ 7 ಏರಿಬಿಡುತ್ತದೆ. ಸಿಹಿ ಹಂಚುವ ಮುಂಚೆ ಇನ್ನೆರಡು ಬ್ಯಾಚ್ ಕಾಯಿರಿ.