ತೊಗರಿ ಎತ್ತಿದ ನೀರು ರಾಗಿಗೆ: ಅಕ್ಕಡಿ ಸಾಲು ಹಾಕುವ ಬಗೆ

ಹಗಲಿನಲ್ಲಿ ಎಲೆ ನೀರು ಎಳೆಯುತ್ತದೆ. ರಾತ್ರಿ ಎಲೆಯ ರಂಧ್ರಗಳು ಮುಚ್ಚಿ ಆ ಎಳೆತ ನಿಂತಾಗ, ಬೇರಿಗೆ ತಾಗಿರುವ ಅತಿ ಒಣ ಜಾಗ ಮೇಲ್ಮಣ್ಣು. ತಾಯಿಬೇರು ಆಳದಲ್ಲಿ ಹೀರಿದ ನೀರು ಆಗ ಮೇಲಿನ ಸಣ್ಣ ಬೇರುಗಳಿಂದ ಮಣ್ಣಿಗೆ ಜಿನುಗುತ್ತದೆ. ಅಮೆರಿಕದ ವಿಜ್ಞಾನಿಗಳಾದ ರಿಚರ್ಡ್ಸ್ ಮತ್ತು ಕಾಲ್ಡ್‌ವೆಲ್ 1987ರಲ್ಲಿ ಸೇಜ್‌ಬ್ರಷ್ ಪೊದೆಯಲ್ಲಿ ಇದನ್ನು ಅಳೆದು ತೋರಿಸಿದರು. ಮೇಪಲ್ ಮರ ಎತ್ತಿದ ನೀರನ್ನು ಅದರ ಸುತ್ತಲಿನ ಗಿಡಗಳು ಕುಡಿಯುವುದನ್ನು ಟಾಡ್ ಡಾಸನ್ 1993ರಲ್ಲಿ ದಾಖಲಿಸಿದರು. ನಮ್ಮ ತೊಗರಿ–ರಾಗಿ ಜೋಡಿಯ ಮೇಲೂ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ತಂಡ ಪ್ರಯೋಗ ನಡೆಸಿದೆ. ಬೇರಿನ ಶಿಲೀಂಧ್ರದ ಎಳೆಗಳು ಎರಡೂ ಗಿಡಗಳನ್ನು ಬೆಸೆದಿದ್ದಲ್ಲಿ ತೊಗರಿಯ ನೀರು ರಾಗಿಗೆ ತಲುಪಿತು.

ಮೊದಲು ಹೊಲದಲ್ಲಿ ಮೂರಡಿ ಗುಂಡಿ ತೆಗೆದು ನೋಡಿ. ಒಂದೂವರೆ ಅಡಿಗೇ ಬಂಡೆ ಸಿಕ್ಕರೆ ಈ ಕೆಲಸ ಬೇಡ. ಆಳದಲ್ಲಿ ನೀರಿಲ್ಲದ ಕಡೆ ತೊಗರಿಯೂ ಮೇಲ್ಮಣ್ಣಿಗೇ ಬಾಯಿ ಹಾಕುತ್ತದೆ, ರಾಗಿ ಸೊರಗುತ್ತದೆ. ನೇಗಿಲ ತಳದಲ್ಲಿ ಗಟ್ಟಿ ಪದರವಿದ್ದರೆ ಬೇಸಿಗೆಯಲ್ಲೇ ಆಳವಾಗಿ ಉಳುಮೆ ಮಾಡಿ ಒಡೆಯಿರಿ.

ತೊಗರಿ ಮುಂಚೆ, ರಾಗಿ ಆಮೇಲೆ. ರೋಹಿಣಿ ಮಳೆಗೆ ತೊಗರಿ, ಪುನರ್ವಸು ಮಳೆಗೆ ರಾಗಿ ಬಿತ್ತಿದರೆ ಬೇರು ಇಳಿಯಲು ತೊಗರಿಗೆ ಸುಮಾರು ಆರು ವಾರ ಸಿಗುತ್ತದೆ. ಎರಡು ತೊಗರಿ ಸಾಲುಗಳ ನಡುವೆ 2 ಅಡಿ ಇರಲಿ. ಆಮೇಲೆ 9 ಅಡಿ ಬಿಟ್ಟು ಮುಂದಿನ ಜೋಡಿ. ಆ ಜಾಗದಲ್ಲಿ ಅಡಿಗೊಂದರಂತೆ 8 ಸಾಲು ರಾಗಿ. ನಡುವಿನ ಸಾಲುಗಳು ತೊಗರಿಯಿಂದ 4 ಅಡಿ ದೂರವಿರುವುದರಿಂದ ಅವುಗಳಿಗೆ ನೀರಿನ ಪಾಲು ಕಡಿಮೆ. ಲಾಭ ಹೆಚ್ಚಾಗಿ ಅಂಚಿನ ಸಾಲುಗಳದ್ದು. ಪಾಕೆಟ್ಟಿನಲ್ಲಿ ಬೆಳೆಸಿದ ತೊಗರಿ ಸಸಿ ನೆಡುವುದಾದರೆ ತಡ ಮಾಡಬೇಡಿ. ತಳ ಮುಟ್ಟಿದ ತಾಯಿಬೇರು ಸುರುಳಿ ಸುತ್ತಿಕೊಂಡರೆ ನೆಟ್ಟ ಮೇಲೂ ಆಳಕ್ಕೆ ಇಳಿಯಲು ಒದ್ದಾಡುತ್ತದೆ.

ಹೆಚ್ಚಿನವರು ಎಡವುವುದು ಶಿಲೀಂಧ್ರದ ವಿಷಯದಲ್ಲಿ. ರಂಜಕವಿರುವ ಡಿಎಪಿ ಗೊಬ್ಬರ ಧಾರಾಳವಾಗಿ ಸುರಿದರೆ ಗಿಡಕ್ಕೆ ಶಿಲೀಂಧ್ರದ ಹಂಗು ತಪ್ಪುತ್ತದೆ, ಬೇರಿನಲ್ಲಿ ಅದು ಕೃಶವಾಗುತ್ತದೆ. ಮಣ್ಣು ಪರೀಕ್ಷೆ ಹೇಳಿದಷ್ಟೇ ರಂಜಕ ಕೊಡಿ. ವ್ಯಾಮ್ ಗೊಬ್ಬರ (ಇದೇ ಬೇರಿನ ಶಿಲೀಂಧ್ರವಿರುವ ಜೈವಿಕ ಗೊಬ್ಬರ) ಸಿಕ್ಕರೆ ಬೀಜದ ಕೆಳಗೇ ಬೀಳುವಂತೆ ಹಾಕಿ. ಮೇಲೆ ಎರಚಿದ್ದು ಬೇರಿಗೆ ಸಿಗುವುದು ಅಪರೂಪ. ಕಳೆಗೆ ಕುಂಟೆ ಹೊಡೆಯಲೇಬೇಕು, ಆದರೆ ತೆಳ್ಳಗೆ ಹೊಡೆಯಿರಿ. ಆಳಕ್ಕೆ ಹೋದ ಕುಂಟೆ ಶಿಲೀಂಧ್ರದ ಎಳೆಗಳನ್ನೂ ರಾಗಿ ಬೇರನ್ನೂ ಒಟ್ಟಿಗೆ ಹರಿಯುತ್ತದೆ.

ನೀರು ಏರುತ್ತಿದೆಯೇ ಎಂದು ತಿಳಿಯಲು ಮಳೆಯಿಲ್ಲದ ದಿನಗಳಲ್ಲಿ ಸಂಜೆಯೊಮ್ಮೆ, ನಸುಕಿನಲ್ಲೊಮ್ಮೆ ತೊಗರಿ ಬುಡದ ಹತ್ತಿರ 15 ಸೆಂ.ಮೀ. ಆಳದ ಮಣ್ಣು ತೆಗೆಯಿರಿ. ಮೇಲಿನ 5 ಸೆಂ.ಮೀ. ಸರಿಸಿಬಿಡಿ, ಇಬ್ಬನಿ ಲೆಕ್ಕ ತಪ್ಪಿಸುತ್ತದೆ. 100 ಗ್ರಾಂ ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ. ಕಡಿಮೆಯಾದ ತೂಕವೇ ತೇವ. ಸಂಜೆಗೂ ನಸುಕಿಗೂ ತೇವದ ವ್ಯತ್ಯಾಸ ಸಣ್ಣದು, ಒಂದೇ ಗುಂಡಿಯ ಲೆಕ್ಕ ನಂಬುವಂಥದ್ದಲ್ಲ; ಐದು ಕಡೆಯಾದರೂ ತೆಗೆಯಿರಿ. ಮಣ್ಣು ನೀರನ್ನು ಹಿಡಿದಿಡುವ ಬಿಗಿತ ಅಳೆಯುವ ಟೆನ್ಷಿಯೋಮೀಟರ್ ಇಲ್ಲಿ ಕೆಲಸಕ್ಕೆ ಬಾರದು: ಆ ಬಿಗಿತ ಸುಮಾರು 80 ಕಿಲೊಪಾಸ್ಕಲ್ ದಾಟಿದ ಒಣ ಮಣ್ಣಿನಲ್ಲಿ ಅದರೊಳಗೆ ಗಾಳಿ ಸೇರಿಕೊಳ್ಳುತ್ತದೆ. ತೇವ ಅಳೆಯುವ ಜಿಪ್ಸಂ ಬ್ಲಾಕ್ ಹೂಳಿದರೆ ರಾತ್ರಿಯ ಏರಿಕೆ ಗೊತ್ತಾಗುತ್ತದೆ.

ಹದ ಮಳೆ ಬಿದ್ದ ವಾರ ಏನೂ ಕಾಣದಿದ್ದರೆ ಗಾಬರಿ ಬೇಡ. ಮೇಲ್ಮಣ್ಣು ಒದ್ದೆಯಿದ್ದಾಗ ಬೇರಿನಿಂದ ನೀರು ಹೊರಗೆ ಬರುವುದಿಲ್ಲ.